ಟೀಮ್ ಚಾಟ್: ಯಾವ ಚಾನೆಲ್‌ಗೆ ಬೀಗ, ಯಾವುದು ತೆರೆದಿರಲಿ?

ರಾತ್ರಿ 2 ಗಂಟೆ 10 ನಿಮಿಷ. ಆ ವಾರದ ಆನ್‌ಕಾಲ್, ಅಂದರೆ ಹೊತ್ತಲ್ಲದ ಹೊತ್ತಿನಲ್ಲಿ ಸಿಸ್ಟಮ್ ಕೆಟ್ಟರೆ ಎದ್ದು ನೋಡುವ ಪಾಳಿ, ನನ್ನದು. ಅಲರ್ಟ್ ಬಂತು ಅಂತ ಎದ್ದು ನೋಡಿದರೆ, ನಮ್ಮ ಸರ್ವಿಸ್‌ನಿಂದ ಬ್ಯಾಂಕಿನ ಕಡೆಗೆ ಹೋಗುವ ಒಂದೊಂದು ರಿಕ್ವೆಸ್ಟ್ ಕೂಡ ಟಿಎಲ್‌ಎಸ್ ಹ್ಯಾಂಡ್‌ಶೇಕ್ (ಸುರಕ್ಷಿತ ಸಂಪರ್ಕಕ್ಕೆ ಮುನ್ನ ಗುರುತು ಪರೀಕ್ಷಿಸಿಕೊಳ್ಳುವ) ಹಂತದಲ್ಲೇ ಬಿದ್ದುಹೋಗುತ್ತಿತ್ತು. ಎರರ್‌ನ ಸಾಲನ್ನು ಹಾಗೇ ಕಾಪಿ ಮಾಡಿ ಕಂಪನಿಯ ಚಾಟ್‌ನಲ್ಲಿ ಸರ್ಚ್ ಕೊಟ್ಟೆ. ಏನೂ ಸಿಗಲಿಲ್ಲ. ಸಾಲಿನ ಅರ್ಧ ಭಾಗ ಕೊಟ್ಟು ನೋಡಿದೆ, ಬ್ಯಾಂಕಿನ ಹೆಸರು ಕೊಟ್ಟು ನೋಡಿದೆ. ಆಗಲೂ ಇಲ್ಲ. ಹಾಗಾದರೆ ಇದು ಮೊದಲ ಸಲ ಆಗುತ್ತಿದೆ ಅಂದುಕೊಂಡು ಲಾಗ್ ಕೆದಕಲು ಕೂತೆ. ಬೆಳಗಿನ ಜಾವ ಐದೂ ಮುಕ್ಕಾಲಿಗೆ ಗೊತ್ತಾಯಿತು: ಬ್ಯಾಂಕಿನವರು ತಮ್ಮ ಗುರುತಿಗೆ ಸಾಕ್ಷಿಯಾಗುವ ಇಂಟರ್ಮೀಡಿಯೇಟ್ ಸರ್ಟಿಫಿಕೇಟ್ ಬದಲಿಸಿದ್ದರು, ನಮ್ಮ ಕೋಡ್ ಹಳೆಯದನ್ನಷ್ಟೇ ನಂಬುವಂತೆ ಪಿನ್ ಮಾಡಿಕೊಂಡು ಕೂತಿತ್ತು. ಹೊಸದನ್ನು ಸೇರಿಸಿ ರೀಸ್ಟಾರ್ಟ್ ಮಾಡಿದ ಮೇಲೆ ಎಲ್ಲ ಸರಿಹೋಯಿತು.

ಬೆಳಿಗ್ಗೆ ಕಾಫಿ ಕುಡಿಯುತ್ತಾ ಪಕ್ಕದ ಟೀಮಿನವರೊಬ್ಬರಿಗೆ ಈ ಕಥೆ ಹೇಳಿದೆ. "ಅಯ್ಯೋ, ಏಪ್ರಿಲ್‌ನಲ್ಲೂ ಇದೇ ಆಗಿತ್ತಲ್ಲ ಸರ್. ಸ್ಟೆಪ್ಸ್ ಎಲ್ಲಾ ನಮ್ಮ ಚಾನೆಲ್‌ನಲ್ಲಿ ಇದೆ" ಅಂದರು. ಆ ಚಾನೆಲ್‌ನಲ್ಲಿ, ಅಂದರೆ ಚಾಟ್‌ನೊಳಗೆ ಒಂದು ವಿಷಯಕ್ಕೆಂದು ಮಾಡಿದ ಆ ಕೋಣೆಯಲ್ಲಿ, ಇದ್ದದ್ದು ಐದು ಜನ, ಅವರಲ್ಲಿ ಇಬ್ಬರು ಆಗಲೇ ಕೆಲಸ ಬಿಟ್ಟಿದ್ದರು. ಫೋನಿನಲ್ಲಿ ತೆರೆದು ತೋರಿಸಿದರು. ನಾಲ್ಕೇ ನಾಲ್ಕು ಸಾಲು. ಅದರಲ್ಲಿ ಗುಟ್ಟು ಅನ್ನುವಂಥದ್ದು ಒಂದಕ್ಷರವೂ ಇರಲಿಲ್ಲ. ಚಾನೆಲ್ ಹೆಸರಿನ ಪಕ್ಕದಲ್ಲಿ ಮಾತ್ರ ಪುಟ್ಟದೊಂದು ಬೀಗದ ಚಿತ್ರ.

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲಾ ತುಪ್ಪ ಹುಡುಕಿದರಂತೆ ಅನ್ನುತ್ತಾರೆ. ನನ್ನದು ಅದಕ್ಕಿಂತ ಒಂದು ಹೆಜ್ಜೆ ಮುಂದೆ, ಬೆಣ್ಣೆ ಮನೆಯಲ್ಲಿದೆ ಅನ್ನುವುದೇ ಗೊತ್ತಿರಲಿಲ್ಲ. ಯಾರೂ ಕೆಟ್ಟ ಮನಸ್ಸಿನಿಂದ ಆ ಬೀಗ ಹಾಕಿರಲಿಲ್ಲ. ಯಾವುದೋ ಗಡಿಬಿಡಿಯ ದಿನ ಚಾನೆಲ್ ತೆರೆದವರು, 'ನಾವು ಐದೇ ಜನ ತಾನೆ' ಅಂತ ಪ್ರೈವೇಟ್ ಆಯ್ಕೆ ಒತ್ತಿದ್ದರು, ಅಷ್ಟೇ.

ಅವತ್ತಿನಿಂದ ನಾನು ಈ ಆಯ್ಕೆಯನ್ನು ನೋಡುವ ರೀತಿ ಬದಲಾಯಿತು. ಬೀಗದ ಬೆಲೆ ಒಳಗೆ ಕೂತವರಿಗೆ ಕಾಣುವುದಿಲ್ಲ. ಹೊರಗಿದ್ದವರು ಅದನ್ನು ತೆರುತ್ತಾರೆ, ಅದೂ ಅಲ್ಲೊಂದು ಬೀಗ ಇತ್ತು ಅನ್ನುವುದು ಗೊತ್ತಿಲ್ಲದೆಯೇ. ತೆರೆದ ಚಾನೆಲ್‌ಗೂ ಬೆಲೆ ಇದೆ, ಅದು ಚಿಕ್ಕದೇನೂ ಅಲ್ಲ. ಆದರೆ ಅದು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಎಲ್ಲರೂ ಅದರ ಬಗ್ಗೆಯೇ ದೂರುತ್ತಾರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗುವುದು ಹೇಗೆ ಅನ್ನುವುದಕ್ಕೆ ಈ ಬರಹ.

ಪಬ್ಲಿಕ್ ಅಂದರೆ ಎಷ್ಟು ಪಬ್ಲಿಕ್?

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಕಂಪನಿಯ ಚಾಟ್‌ನಲ್ಲಿ ಪಬ್ಲಿಕ್ ಚಾನೆಲ್ ಅಂದರೆ ಜಗತ್ತಿಗೆಲ್ಲ ತೆರೆದದ್ದು ಅಂತ ಅಲ್ಲ, ಕಂಪನಿಯ ಒಳಗಿನವರಿಗೆ ತೆರೆದದ್ದು ಅಂತ. ಸ್ಲ್ಯಾಕ್ ಅನ್ನುವ ಆಫೀಸ್ ಚಾಟ್ ಆ್ಯಪ್‌ನಲ್ಲಿ ಹ್ಯಾಶ್ (#) ಗುರುತಿನ ಚಾನೆಲ್‌ಗೆ ಯಾವ ಸದಸ್ಯರಾದರೂ ತಾವಾಗಿಯೇ ಸೇರಬಹುದು. ಸೇರದಿದ್ದರೂ ಅಲ್ಲಿನ ಮಾತು ಸರ್ಚ್‌ನಲ್ಲಿ ಸಿಗುತ್ತದೆ. ಬೀಗದ ಗುರುತಿನ ಚಾನೆಲ್‌ನ ಹೆಸರು ಸಹ ಹೊರಗಿನವರಿಗೆ ಕಾಣದು. ಗೆಸ್ಟ್ ಆಗಿ ಬಂದ ಕಾಂಟ್ರಾಕ್ಟರ್, ಕ್ಲೈಂಟ್‌ಗಳ ವಿಷಯ ಬೇರೆ. ಅವರನ್ನು ಯಾವ ಚಾನೆಲ್‌ಗೆ ಸೇರಿಸಿದ್ದೀರೋ ಅಷ್ಟೇ ಅವರಿಗೆ ಕಾಣುತ್ತದೆ.

ಮೈಕ್ರೋಸಾಫ್ಟ್ ಟೀಮ್ಸ್‌ನಲ್ಲಿ ಎರಡು ಬಾಗಿಲುಗಳಿವೆ. ಹೊರಬಾಗಿಲು ಟೀಮ್‌ನದು, ಒಳಬಾಗಿಲು ಚಾನೆಲ್‌ನದು. ಪ್ರೈವೇಟ್ ಟೀಮ್ ಒಂದರೊಳಗೆ ಇರುವ ಸ್ಟ್ಯಾಂಡರ್ಡ್ ಚಾನೆಲ್ ಆ ಟೀಮ್‌ನವರಿಗೆ ಮಾತ್ರ ತೆರೆದಿರುತ್ತದೆ, ಇಡೀ ಕಂಪನಿಗೆ ಅಲ್ಲ. 'ನಾವು ಎಲ್ಲವನ್ನೂ ಸ್ಟ್ಯಾಂಡರ್ಡ್ ಚಾನೆಲ್‌ನಲ್ಲೇ ಮಾತಾಡ್ತೀವಿ, ನಮ್ಮಲ್ಲಿ ಮುಚ್ಚುಮರೆ ಇಲ್ಲ' ಅಂತ ಪ್ರಾಮಾಣಿಕವಾಗಿ ನಂಬಿರುವ ಟೀಮ್‌ಗಳನ್ನು ನೋಡಿದ್ದೇನೆ. ಹೊರಬಾಗಿಲು ಮುಚ್ಚಿರುವುದು ಅವರ ಗಮನಕ್ಕೇ ಬಂದಿರುವುದಿಲ್ಲ. ಟೀಮ್ಸ್‌ಗೆ ಪ್ರೈವೇಟ್ ಚಾನೆಲ್ ಬಂದದ್ದು 2019ರ ಕೊನೆಗೆ. ಅಂಥ ಚಾನೆಲ್‌ನ ಫೈಲುಗಳು ಪ್ರತ್ಯೇಕ ಶೇರ್‌ಪಾಯಿಂಟ್ ಸೈಟ್‌ನಲ್ಲಿ ಕೂರುತ್ತವೆ. ಹಾಗಾಗಿ ಬೀಗ ಹಾಕಿದರೆ ಮಾತಿನ ಜೊತೆ ಡಾಕ್ಯುಮೆಂಟ್‌ಗಳೂ ಬೇರೆ ಕೋಣೆಗೆ ಹೋದಂತೆ.

ಜುಲಿಪ್ ಅನ್ನುವ ಇನ್ನೊಂದು ಚಾಟ್ ಆ್ಯಪ್‌ನವರು ಇದನ್ನು ಇನ್ನೂ ನಯವಾಗಿ ಬಿಡಿಸಿದ್ದಾರೆ. ಅಲ್ಲಿ ಲಾಗಿನ್ ಇಲ್ಲದೆ ಯಾರು ಬೇಕಾದರೂ ಓದಬಹುದಾದ ವೆಬ್-ಪಬ್ಲಿಕ್ ಚಾನೆಲ್ ಇದೆ, ಸಂಸ್ಥೆಯೊಳಗಿನ ಪಬ್ಲಿಕ್ ಇದೆ, ಪ್ರೈವೇಟ್‌ನಲ್ಲೇ ಎರಡು ಬಗೆ ಇದೆ. ಒಂದರಲ್ಲಿ ಹೊಸದಾಗಿ ಸೇರಿದವರಿಗೆ ಹಳೆಯ ಮಾತೆಲ್ಲ ಕಾಣುತ್ತದೆ, ಇನ್ನೊಂದರಲ್ಲಿ ಅವರು ಸೇರಿದ ನಂತರದ್ದು ಮಾತ್ರ. ಈ ವ್ಯತ್ಯಾಸ ಮುಖ್ಯ, ಏಕೆಂದರೆ ಸ್ಲ್ಯಾಕ್‌ನ ಪ್ರೈವೇಟ್ ಚಾನೆಲ್‌ಗೆ ಯಾರನ್ನಾದರೂ ಸೇರಿಸಿದರೆ ಹಳೆಯದೆಲ್ಲ ಅವರ ಮುಂದೆ ಬಿಚ್ಚಿಕೊಳ್ಳುತ್ತದೆ. ಇವತ್ತಿನ ಒಂದು ಪ್ರಶ್ನೆಗಾಗಿ ಕರೆದವರು ಎರಡು ವರ್ಷದ ಮಾತನ್ನು ಓದಬಲ್ಲರು.

ಈ ಪ್ರಶ್ನೆ ಹೊಸದೂ ಅಲ್ಲ. 1988ರಲ್ಲಿ ಫಿನ್ಲೆಂಡ್‌ನ ಔಲು ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಐಆರ್‌ಸಿ ಅನ್ನುವ ಹಳೆಯ ಚಾಟ್ ವ್ಯವಸ್ಥೆಯ ನಿಯಮಗಳನ್ನು 1993ರಲ್ಲಿ ಬರೆದಿಟ್ಟಾಗಲೇ ಚಾನೆಲ್‌ಗಳಿಗೆ ಪ್ರೈವೇಟ್, ಸೀಕ್ರೆಟ್ ಅನ್ನುವ ಎರಡು ಬೇರೆ ಬೇರೆ ಗುರುತುಗಳಿದ್ದವು. ಇನ್ನು ಸ್ಲ್ಯಾಕ್ ಅನ್ನುವ ಹೆಸರೇ 'ಹುಡುಕಬಹುದಾದ, ಎಲ್ಲ ಮಾತುಕತೆ ಮತ್ತು ತಿಳಿವಳಿಕೆಯ ದಾಖಲೆ' ಅನ್ನುವ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಆದದ್ದು. ಹುಡುಕಲು ಆಗದಿದ್ದರೆ ಆ ಹೆಸರಿನ ಅರ್ಧ ಹೋಯಿತು.

ಇನ್ನೂ ಒಂದು ಮಾತು. ಪ್ರೈವೇಟ್ ಅಂದರೆ ಸಹೋದ್ಯೋಗಿಗಳಿಂದ ಪ್ರೈವೇಟ್, ಕಂಪನಿಯಿಂದ ಅಲ್ಲ. ಸ್ಲ್ಯಾಕ್‌ನ ದುಬಾರಿ ಪ್ಲಾನ್‌ಗಳಲ್ಲಿ ಅನುಮತಿ ಪಡೆದ ಮಾಲೀಕರು ಪ್ರೈವೇಟ್ ಚಾನೆಲ್, ಡಿಎಂಗಳನ್ನೂ (ಒಬ್ಬರಿಗೊಬ್ಬರು ನೇರವಾಗಿ ಕಳಿಸುವ ಸಂದೇಶಗಳು) ಎಕ್ಸ್‌ಪೋರ್ಟ್ ಮಾಡಿಕೊಳ್ಳಬಹುದು. ಅದು ಆಫೀಸಿನ ಬೀಗ, ಮಾಸ್ಟರ್ ಕೀ ಆಫೀಸಿನ ಹತ್ತಿರವೇ ಇರುತ್ತದೆ.

ಹೋಲಿಕೆಯಲ್ಲಿ ಮರೆತುಹೋಗುವ ಮೂರನೆಯದು

ಪಬ್ಲಿಕ್ಕೋ ಪ್ರೈವೇಟೋ ಅಂತ ಚರ್ಚೆ ಮಾಡುತ್ತಾ ಕೂತವರು ಡಿಎಂ ಅನ್ನು ಮರೆಯುತ್ತಾರೆ. ನಿಜವಾಗಿ ತಂಡದ ತಿಳಿವಳಿಕೆ ಹೆಚ್ಚು ಸೋರಿಹೋಗುವುದು ಅಲ್ಲೇ. 12 ಜನರ ಟೀಮಿನಲ್ಲಿ ಇಬ್ಬಿಬ್ಬರ ಜೋಡಿ ಲೆಕ್ಕ ಹಾಕಿ: 66. ಅಂದರೆ 66 ಮುಚ್ಚಿದ ಕೋಣೆಗಳು, ಪ್ರತಿಯೊಂದರಲ್ಲೂ ಒಂದಿಷ್ಟು ನಿರ್ಧಾರ. ಸ್ಲ್ಯಾಕ್‌ನ ಅನಾಲಿಟಿಕ್ಸ್ ಪುಟದಲ್ಲಿ ಸಂದೇಶಗಳಲ್ಲಿ ಎಷ್ಟು ಪಾಲು ಪಬ್ಲಿಕ್, ಎಷ್ಟು ಪ್ರೈವೇಟ್, ಎಷ್ಟು ಡಿಎಂ ಅಂತ ಸಿಗುತ್ತದೆ. ನಿಯಮ ಮಾಡುವ ಮುನ್ನ ಅದನ್ನೊಮ್ಮೆ ನೋಡಿ. ಚಾನೆಲ್‌ಗಳನ್ನೆಲ್ಲ ತೆರೆದಿಟ್ಟ ಮೇಲೂ ಕೆಲಸದ ಮಾತು ಡಿಎಂನಲ್ಲೇ ನಡೆಯುತ್ತಿದ್ದರೆ ತೆರೆದದ್ದು ಖಾಲಿ ಕೋಣೆಯನ್ನು.

ಡಿಎಂಗಿಂತ ಬೀಗ ಹಾಕಿದ ಚಾನೆಲ್ ವಾಸಿ. ಅಲ್ಲಿ ಕನಿಷ್ಠ ಐದು ಜನರಿಗಾದರೂ ಗೊತ್ತಿರುತ್ತದೆ, ಆರನೆಯವರನ್ನು ಸೇರಿಸಿದರೆ ಹಳೆಯದು ಸಿಗುತ್ತದೆ. ಇನ್ನು ರಿಲೀಸ್‌ಗೆಂದು ಶುರುವಾಗಿ ಹಾಗೇ ಉಳಿದುಬಿಡುವ ವಾಟ್ಸ್‌ಆ್ಯಪ್ ಗ್ರೂಪ್ ಎಲ್ಲಕ್ಕಿಂತ ಕೆಳಗೆ. ಕಂಪನಿ ಬಿಟ್ಟುಹೋದವರ ಫೋನಿನಲ್ಲಿ ನಿಮ್ಮ ಪ್ರೊಡಕ್ಷನ್‌ನ, ಅಂದರೆ ಗ್ರಾಹಕರು ಬಳಸುವ ಸಿಸ್ಟಮ್‌ನ, ಸ್ಕ್ರೀನ್‌ಶಾಟ್‌ಗಳು ಉಳಿಯುತ್ತವೆ, ಕಂಪನಿಯಲ್ಲಿ ಇರುವವರಿಗೆ ಮಾತ್ರ ಸಿಗುವುದಿಲ್ಲ.

ಬೆಂಗಳೂರು ಒಂದು ಕಡೆ, ಸ್ಯಾನ್ ಫ್ರಾನ್ಸಿಸ್ಕೋ ಇನ್ನೊಂದು ಕಡೆ ಇರುವ ಟೀಮ್‌ಗಳಿಗೆ ಇದು ಇನ್ನೂ ದೊಡ್ಡ ಪೆಟ್ಟು. ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಯ ಅಂತರ. ಉತ್ತರ ಯಾರದೋ ಡಿಎಂನಲ್ಲಿದ್ದರೆ ಅವರು ಏಳುವವರೆಗೆ ನೀವು ಕಾಯಬೇಕು, ಒಂದು ಇಡೀ ಕೆಲಸದ ದಿನ ಹೋಯಿತು. ತೆರೆದ ಚಾನೆಲ್‌ನಲ್ಲಿದ್ದರೆ ಅವರು ಮಲಗಿದ್ದಾಗಲೂ ಉತ್ತರ ಎಚ್ಚರವಾಗಿರುತ್ತದೆ.

ತೆರೆದ ಚಾನೆಲ್‌ನಲ್ಲಿ ಬಾಯಿ ತೆರೆಯದವರು

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ, ಏಕೆಂದರೆ 'ಎಲ್ಲವೂ ಪಬ್ಲಿಕ್ ಇರಲಿ' ಅಂತ ಆದೇಶ ಹೊರಡಿಸುವ ಮ್ಯಾನೇಜರ್‌ಗಳು ಈ ಭಾಗವನ್ನು ದಾಟಿಕೊಂಡು ಹೋಗುತ್ತಾರೆ.

ದಾವಣಗೆರೆಯ ಕಾಲೇಜಿನಿಂದ ಬಂದ ಒಬ್ಬ ಫ್ರೆಶರ್ ನಮ್ಮ ಟೀಮ್ ಸೇರಿದ್ದರು. ಚುರುಕು. ಆದರೆ ನೂರ ನಲವತ್ತು ಜನರಿದ್ದ ಎಂಜಿನಿಯರಿಂಗ್ ಚಾನೆಲ್‌ನಲ್ಲಿ ಒಂದು ಸಲವೂ ಬರೆದವರಲ್ಲ. ನನಗೆ ಮಾತ್ರ ದಿನಕ್ಕೆ ಐದಾರು ಡಿಎಂ. "ಸರ್, ಒಂದು ಸಣ್ಣ ಡೌಟ್." ಒಂದು ದಿನದ ಡೌಟ್: ಡಾಕರ್ ಕಂಟೇನರ್ (ಲ್ಯಾಪ್‌ಟಾಪ್‌ನೊಳಗೇ ಪ್ರತ್ಯೇಕವಾಗಿ ಓಡುವ ಪೆಟ್ಟಿಗೆಯಂಥದ್ದು) ಒಳಗಿಂದ ಲ್ಯಾಪ್‌ಟಾಪ್‌ನಲ್ಲಿರುವ ಡೇಟಾಬೇಸ್‌ಗೆ ಕನೆಕ್ಟ್ ಆಗುತ್ತಿಲ್ಲ. ಕಂಟೇನರ್ ಒಳಗೆ ಲೋಕಲ್‌ಹೋಸ್ಟ್ ('ಇದೇ ಯಂತ್ರ' ಅನ್ನುವ ವಿಳಾಸ) ಅಂದರೆ ಆ ಕಂಟೇನರೇ, ನಿಮ್ಮ ಲ್ಯಾಪ್‌ಟಾಪ್ ಅಲ್ಲ ಅಂತ ವಿವರಿಸಿದೆ. ಚಿತ್ರ ಬರೆದು ಫೋಟೋ ಕಳಿಸಿದೆ. ಎರಡು ತಿಂಗಳ ನಂತರ ಇನ್ನೊಬ್ಬ ಹುಡುಗ ಸೇರಿದ. ಅವನೂ ಡಿಎಂ ಮಾಡಿ ಇದೇ ಡೌಟ್ ಕೇಳಿದ. ಅದೇ ಚಿತ್ರವನ್ನು ಹುಡುಕಿ ಮತ್ತೆ ಕಳಿಸಿದೆ.

ಚಾನೆಲ್‌ನಲ್ಲಿ ಯಾಕೆ ಕೇಳಲಿಲ್ಲ ಅಂತ ಆ ಫ್ರೆಶರ್‌ಗೆ ಕೇಳಿದೆ. "ಅಲ್ಲಿ ಎಲ್ಲಾ ಸೀನಿಯರ್ಸ್ ಇರ್ತಾರೆ ಸರ್. ನನ್ನ ಇಂಗ್ಲಿಷ್ ನೋಡಿ ಏನಂದುಕೊಳ್ತಾರೋ ಅಂತ ಟೈಪ್ ಮಾಡಿ ಮಾಡಿ ಅಳಿಸಿಬಿಡ್ತೀನಿ" ಅಂದರು. ಈ ಮಾತು ನನ್ನ ಮನಸ್ಸಿನಿಂದ ಇವತ್ತಿಗೂ ಹೋಗಿಲ್ಲ. ತೆರೆದ ಚಾನೆಲ್‌ಗೆ ಬೀಗ ಇಲ್ಲ ನಿಜ, ಆದರೆ ಅದರ ಹೊಸ್ತಿಲು ಎಲ್ಲರಿಗೂ ಒಂದೇ ಎತ್ತರ ಇರುವುದಿಲ್ಲ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ದೊಡ್ಡ ಕಾಲೇಜಿನಿಂದ ಬಂದವರಿಗೆ ಅದು ಕಾಣಿಸುವುದೇ ಇಲ್ಲ. ಉಳಿದವರು ಹೊರಗೇ ನಿಲ್ಲುತ್ತಾರೆ. ಇಲ್ಲೂ ಬೆಲೆ ತೆರುವವರು ಹೊರಗಿನವರೇ.

ಹಾಗಂತ ಹೊಸಬರಿಗೊಂದು ಪ್ರೈವೇಟ್ ಚಾನೆಲ್ ಮಾಡಿಕೊಟ್ಟರೆ ಮುಂದಿನ ವರ್ಷದ ಹೊಸಬರು ಮತ್ತೆ ಸೊನ್ನೆಯಿಂದ ಶುರು ಮಾಡಬೇಕಾಗುತ್ತದೆ. ನಮ್ಮಲ್ಲಿ ಕೈಹಿಡಿದದ್ದು ಬೇರೆ ದಾರಿ: ಬೀಗ ಇಲ್ಲದ, ಆದರೆ ಚಿಕ್ಕ ಚಾನೆಲ್. ಹೊಸಬರು ಮತ್ತು ಅವರಿಗೆ ನೆರವಾಗುವ ನಾಲ್ಕೈದು ಜನ, ಒಟ್ಟು ಇಪ್ಪತ್ತರ ಒಳಗೆ. ಯಾರು ಬೇಕಾದರೂ ಬಂದು ಓದಬಹುದು, ಆದರೆ ನೂರ ನಲವತ್ತು ಫೋನ್‌ಗಳು ಒಟ್ಟಿಗೆ ಟಿಂಗ್ ಅನ್ನುವುದಿಲ್ಲ. ಚಾನೆಲ್‌ನ ವಿವರಣೆಯಲ್ಲಿ 'ಕನ್ನಡ, ಇಂಗ್ಲಿಷ್, ಹಿಂದಿ, ಯಾವುದರಲ್ಲಾದರೂ ಕೇಳಿ' ಅಂತ ಬರೆದೆವು. ಸೀನಿಯರ್‌ಗಳು ತಮ್ಮ ಡೌಟ್‌ಗಳನ್ನು ಅಲ್ಲೇ ಕೇಳಲು ಶುರು ಮಾಡಿದರು. ಹದಿನೈದು ವರ್ಷ ಅನುಭವ ಇರುವವರು 'ಗಿಟ್ ರೀಬೇಸ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದೀನಿ, ಯಾರಾದರೂ ನೋಡ್ತೀರಾ' ಅಂತ ಬರೆದ ದಿನ ಹೊಸಬರ ಮೂರು ಪ್ರಶ್ನೆಗಳು ಬಂದವು. ಆ ಫ್ರೆಶರ್ ಐದನೇ ವಾರ ಮೊದಲ ಪ್ರಶ್ನೆ ಹಾಕಿದರು. ಈಗ ಅವರೇ ಅಲ್ಲಿ ಹೆಚ್ಚು ಉತ್ತರ ಕೊಡುವವರು.

ಈಗಲೂ ಡಿಎಂ ಬರುತ್ತದೆ, ಬರಲಿ. "ಒಳ್ಳೆಯ ಪ್ರಶ್ನೆ, ಚಾನೆಲ್‌ನಲ್ಲಿ ಹಾಕ್ತೀರಾ? ಅಲ್ಲೇ ಉತ್ತರ ಕೊಡ್ತೀನಿ" ಅನ್ನುತ್ತೇನೆ. ಒಲ್ಲೆ ಅಂದರೆ ಡಿಎಂನಲ್ಲೇ ಉತ್ತರಿಸಿ, ಆಮೇಲೆ ಅವರ ಹೆಸರಿಲ್ಲದೆ ಪ್ರಶ್ನೆ ಉತ್ತರ ಎರಡನ್ನೂ ನಾನೇ ಚಾನೆಲ್‌ಗೆ ಹಾಕುತ್ತೇನೆ. ಅವರು ಬರೆದದ್ದನ್ನು ಕೇಳದೆ ಹಾಗೇ ಎತ್ತಿ ಹಾಕುವುದು ಮಾತ್ರ ಬೇಡ. ಒಮ್ಮೆ ಹಾಗೆ ಮಾಡಿದರೆ ಅವರು ಡಿಎಂ ಮಾಡುವುದನ್ನೂ ನಿಲ್ಲಿಸುತ್ತಾರೆ.

ಗದ್ದಲದ ದೂರು ಇದಕ್ಕಿಂತ ಸುಲಭದ್ದು. ತೆರೆದ ಚಾನೆಲ್ ಅಂದರೆ ಎಲ್ಲರೂ ಓದಲೇಬೇಕಾದ ಚಾನೆಲ್ ಅಲ್ಲ, ಬೇಕಾದಾಗ ಸಿಗಬೇಕಾದ ಚಾನೆಲ್. ಸೇರದೆ ಇರಿ, ಸೇರಿದರೆ ಮ್ಯೂಟ್ ಮಾಡಿ, ಉತ್ತರಗಳು ಆಯಾ ಪ್ರಶ್ನೆಯ ಕೆಳಗಿನ ಥ್ರೆಡ್‌ನಲ್ಲಿರಲಿ, ಇಡೀ ಚಾನೆಲ್ಲನ್ನು ಎಬ್ಬಿಸುವ ಮೆನ್ಷನ್ ಯಾರು ಬಳಸಬಹುದು ಅನ್ನುವುದಕ್ಕೆ ಮಿತಿ ಹಾಕಿ. ಇಷ್ಟಾದರೆ ಬಹುಪಾಲು ಗಲಾಟೆ ತಣ್ಣಗಾಗುತ್ತದೆ.

ಸೋರಿಕೆಯ ಭಯ, ಅದು ನಿಜವಾದ ಭಯ

ತೆರೆದಿಡುವುದರ ವಿರುದ್ಧ ನಿಜಕ್ಕೂ ತೂಕದ ವಾದ ಒಂದೇ. ಒಬ್ಬರ ಅಕೌಂಟ್ ಕಳ್ಳರ ಕೈಗೆ ಸಿಕ್ಕರೆ, ಅವರಿಗೆ ಕಾಣುವ ಎಲ್ಲ ಚಾನೆಲ್‌ಗಳೂ ಕಳ್ಳರಿಗೆ ಕಾಣುತ್ತವೆ. 2024ರಲ್ಲಿ ಡಿಸ್ನಿ ಕಂಪನಿಗೆ ಆದದ್ದು ಇದೇ. ಒಬ್ಬ ಉದ್ಯೋಗಿಯ ಕಂಪ್ಯೂಟರ್‌ಗೆ ಕೆಟ್ಟ ಸಾಫ್ಟ್‌ವೇರ್ ಹೊಕ್ಕಿತು, ಅಲ್ಲಿಂದ ಅವರ ಸ್ಲ್ಯಾಕ್ ಅಕೌಂಟ್ ಸಿಕ್ಕಿತು, ಸಾವಿರಾರು ಚಾನೆಲ್‌ಗಳಿಂದ 1 ಟೆರಾಬೈಟ್‌ಗೂ ಹೆಚ್ಚು ಡೇಟಾ ಹೊರಗೆ ಹೋಯಿತು. ಇದನ್ನು ಓದಿದ ಸೆಕ್ಯುರಿಟಿ ಟೀಮ್ ಎಲ್ಲದಕ್ಕೂ ಬೀಗ ಹಾಕಿ ಅಂದರೆ ನನಗೆ ಅರ್ಥವಾಗುತ್ತದೆ.

ಆದರೆ ಬೀಗ ಹಾಕಿದರೆ ತೊಂದರೆ ಕಡಿಮೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಆ ಉದ್ಯೋಗಿ ಪ್ರೈವೇಟ್ ಚಾನೆಲ್‌ನಲ್ಲೂ ಇರಬಹುದಲ್ಲ. ಪಾಸ್‌ವರ್ಡ್, ಎಪಿಐ ಕೀ, ಪ್ರೊಡಕ್ಷನ್ ಡೇಟಾಬೇಸ್‌ನ ಕನೆಕ್ಷನ್ ಸ್ಟ್ರಿಂಗ್, ಇವು ಪಬ್ಲಿಕ್‌ಗೂ ಸಲ್ಲ, ಪ್ರೈವೇಟ್‌ಗೂ ಸಲ್ಲ, ಡಿಎಂಗೂ ಸಲ್ಲ. ಅವುಗಳ ಜಾಗ ಸೀಕ್ರೆಟ್ ಮ್ಯಾನೇಜರ್, ಅಂದರೆ ಇಂಥ ಗುಟ್ಟುಗಳನ್ನಿಡಲೆಂದೇ ಇರುವ ಸಾಫ್ಟ್‌ವೇರ್. 'ಪ್ರೈವೇಟ್ ಚಾನೆಲ್ ತಾನೆ' ಅನ್ನುವ ಧೈರ್ಯದಲ್ಲಿ ಕೀ ಹಾಕಿಬಿಡುವವರನ್ನು ಎಷ್ಟೋ ಸಲ ನೋಡಿದ್ದೇನೆ. ನೂರ ನಲವತ್ತು ಜನ ನೋಡುತ್ತಿದ್ದಾರೆ ಅನ್ನುವ ಎಚ್ಚರ ಒಂದು ರೀತಿಯ ರಕ್ಷಣೆಯೇ.

ಗ್ರಾಹಕರ ಮಾಹಿತಿಯೂ ಹೀಗೇ. ಒಮ್ಮೆ ಸಹೋದ್ಯೋಗಿಯೊಬ್ಬರು ಬಗ್ ತೋರಿಸಲು ಕೆವೈಸಿ ರೆಸ್ಪಾನ್ಸ್ ಅನ್ನು ಹಾಗೇ ತೆರೆದ ಚಾನೆಲ್‌ಗೆ ಅಂಟಿಸಿದರು, ಪ್ಯಾನ್ ನಂಬರ್, ಹುಟ್ಟಿದ ದಿನಾಂಕ ಸಮೇತ. ಆರೇ ನಿಮಿಷದಲ್ಲಿ ಡಿಲೀಟ್ ಮಾಡಿದೆವು. ಅಷ್ಟರಲ್ಲಿ ಒಂದು ಬಾಟ್ ಅದನ್ನು ಟಿಕೆಟ್ ಆಗಿ ಕಾಪಿ ಮಾಡಿಕೊಂಡಿತ್ತು, ಹಲವರ ಫೋನ್ ನೋಟಿಫಿಕೇಷನ್‌ನಲ್ಲಿ ಮೊದಲ ಸಾಲುಗಳು ಹೋಗಿಬಿಟ್ಟಿದ್ದವು. ಒಂದೊಂದನ್ನೂ ಹುಡುಕಿ ಅಳಿಸುವುದರಲ್ಲಿ ಸಂಜೆಯಾಯಿತು. ಅವತ್ತಿನಿಂದ ಚಾನೆಲ್‌ಗೆ ಹೋಗುವುದು ಟಿಕೆಟ್ ನಂಬರ್ ಮಾತ್ರ, ಡೇಟಾ ಟಿಕೆಟ್‌ನೊಳಗೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಸಾಕಷ್ಟು ಸುರಕ್ಷತೆ ವಹಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಇದೆ. ಆದರೆ ಆ ಪ್ಯಾನ್ ನಂಬರ್‌ನ ಹಿಂದೆ ಒಬ್ಬ ಮನುಷ್ಯ ಇದ್ದಾರೆ ಅನ್ನುವುದೇ ನನಗೆ ಸಾಕಾದ ಕಾರಣ.

ಬೀಗ ಇರಲೇಬೇಕಾದ ಜಾಗಗಳು

ಕೆಲವಕ್ಕೆ ಚರ್ಚೆಯೇ ಬೇಡ. ಲೈಂಗಿಕ ಕಿರುಕುಳದ ದೂರು ವಿಚಾರಣೆ ಮಾಡುವ ಆಂತರಿಕ ಸಮಿತಿಯ ಮಾತುಕತೆ ಅಂಥದ್ದು. ದೂರು ಕೊಟ್ಟವರ ಗುರುತು, ದೂರಿನ ವಿವರ ಬಹಿರಂಗ ಮಾಡಬಾರದು ಅಂತ 2013ರ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ಸಂಬಳ, ಅಪ್ರೈಸಲ್, ಇಂಟರ್‌ವ್ಯೂ ಮಾಡಿದವರ ಅಭಿಪ್ರಾಯ, ಒಬ್ಬರ ಆರೋಗ್ಯದ ವಿಷಯ, ಇವೆಲ್ಲ ಮನುಷ್ಯರ ಮಾನದ ಪ್ರಶ್ನೆ. ಷೇರುಪೇಟೆಯಲ್ಲಿರುವ ಕಂಪನಿಯಾದರೆ ಇನ್ನೊಂದು ಸೇರಿಕೊಳ್ಳುತ್ತದೆ. ಷೇರಿನ ಬೆಲೆ ಏರಿಳಿಸಬಲ್ಲ, ಇನ್ನೂ ಪ್ರಕಟವಾಗದ ಮಾಹಿತಿ ಕೆಲಸಕ್ಕೆ ಬೇಕಾದವರಿಗೆ ಮಾತ್ರ ತಿಳಿದಿರಬೇಕು ಅನ್ನುವುದು ಸೆಬಿಯ 2015ರ ಇನ್‌ಸೈಡರ್ ಟ್ರೇಡಿಂಗ್ ನಿಯಮ. ತ್ರೈಮಾಸಿಕ ಫಲಿತಾಂಶದ ಡ್ಯಾಶ್‌ಬೋರ್ಡ್ ಕಟ್ಟುವ ಡೆವಲಪರ್‌ಗೂ ಅದು ಅನ್ವಯಿಸುತ್ತದೆ.

ಸೆಕ್ಯುರಿಟಿ ದೋಷದ ವಿಷಯದಲ್ಲಿ ಅಪಾಚೆ ಅನ್ನುವ ಓಪನ್ ಸೋರ್ಸ್ ಸಂಸ್ಥೆಯ ಪ್ರಾಜೆಕ್ಟ್‌ಗಳ ಪದ್ಧತಿ ನನಗೆ ಬಹಳ ಇಷ್ಟ. ಮೇಲಿಂಗ್ ಲಿಸ್ಟ್‌ನಲ್ಲಿ ನಡೆಯದ್ದು ನಡೆದೇ ಇಲ್ಲ ಅನ್ನುವಷ್ಟು ಬಹಿರಂಗ ಚರ್ಚೆಗೆ ಬೆಲೆ ಕೊಡುವ ಸಂಸ್ಥೆ ಅದು. ಆದರೂ ಪ್ರತಿ ಪ್ರಾಜೆಕ್ಟ್‌ಗೂ ಒಂದು ಪ್ರೈವೇಟ್ ಲಿಸ್ಟ್ ಇದೆ. ಹೊಸಬರೊಬ್ಬರನ್ನು ಕಮಿಟರ್ (ಕೋಡ್ ಬದಲಿಸುವ ಅಧಿಕಾರ ಇರುವವರು) ಆಗಿ ಸೇರಿಸಿಕೊಳ್ಳುವ ಬಗ್ಗೆ ಮಾತಾಡುವುದು ಅಲ್ಲಿ. ಸರಿಪಡಿಸುವವರೆಗೆ ಸೆಕ್ಯುರಿಟಿ ದೋಷದ ಚರ್ಚೆಯೂ ಮುಚ್ಚಿದ ಲಿಸ್ಟ್‌ನಲ್ಲೇ. ಕೋಡ್, ಡಿಸೈನ್, ಜಗಳ, ರಾಜಿ ಎಲ್ಲವೂ ತೆರೆದದ್ದರಲ್ಲಿ. ಗಮನಿಸಿ, ಬೀಗ ಇರುವುದು ಮನುಷ್ಯರಿಗೆ ಸಂಬಂಧಿಸಿದ್ದಕ್ಕೆ ಮತ್ತು ಇನ್ನೂ ತುಂಬದ ಗಾಯಕ್ಕೆ. ಅರ್ಧಂಬರ್ಧ ಯೋಚನೆಗೆ, ನಾಚಿಕೆಯಾಗುವ ಕೋಡ್‌ಗೆ ಬೀಗ ಇಲ್ಲ.

ಪ್ರೊಡಕ್ಷನ್ ಬಿದ್ದಾಗ ಏನು ಮಾಡುವುದು? ಸರ್ವರ್ ಬಿದ್ದದ್ದಾದರೆ ತೆರೆದ ಚಾನೆಲ್. 2017ರ ಜನವರಿ 31ರಂದು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನ ಪ್ರೊಡಕ್ಷನ್ ಡೇಟಾಬೇಸ್ ಕೈತಪ್ಪಿ ಅಳಿಸಿಹೋದಾಗ ಅವರು ರಿಕವರಿ ಕೆಲಸವನ್ನು ಯೂಟ್ಯೂಬ್‌ನಲ್ಲಿ ನೇರವಾಗಿ ತೋರಿಸಿದರು. ಸುಮಾರು ಆರು ಗಂಟೆಯ ಡೇಟಾ ಹೋಗಿತ್ತು. ಅಷ್ಟು ದೂರ ಎಲ್ಲರೂ ಹೋಗಬೇಕಿಲ್ಲ, ಆದರೆ ಸಪೋರ್ಟ್‌ನವರು, ಸೇಲ್ಸ್‌ನವರು ಸಹ ನೋಡಬಲ್ಲ ಚಾನೆಲ್ ಇದ್ದರೆ 'ಏನಾಯ್ತು ಏನಾಯ್ತು' ಅನ್ನುವ ಫೋನ್ ಕರೆ ಅರ್ಧ ನಿಲ್ಲುತ್ತದೆ. ಯಾರೋ ನುಗ್ಗಿದ್ದಾರೆ ಅನ್ನುವ ಅನುಮಾನ ಇದ್ದರೆ ಮಾತ್ರ ಬೀಗ, ಏಕೆಂದರೆ ನುಗ್ಗಿದವರೂ ಓದುತ್ತಿರಬಹುದು. ಅಂಥ ಹೊತ್ತಿನಲ್ಲಿ ಗಡಿಯಾರವೂ ಓಡುತ್ತಿರುತ್ತದೆ. ಸೈಬರ್ ಸುರಕ್ಷತೆಯ ಸರ್ಕಾರಿ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ಆದೇಶದಂತೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಹಾಗಾಗಿ ಲೀಗಲ್‌ನವರನ್ನು ಆ ಚಾನೆಲ್‌ಗೆ ಮೊದಲ ಹತ್ತು ನಿಮಿಷದಲ್ಲೇ ಸೇರಿಸಿ.

ಬೀಗ ಹಾಕಿದ ಮೇಲೂ ಹೊರಗಿನವರ ನಷ್ಟ ಕಡಿಮೆ ಮಾಡಲು ಎರಡು ಕೆಲಸ ಮಾಡಬಹುದು. ಒಂದು, ಪ್ರೈವೇಟ್ ಚಾನೆಲ್‌ಗಳ ಪಟ್ಟಿಯನ್ನು ಎಲ್ಲರಿಗೂ ಕಾಣುವ ಪುಟದಲ್ಲಿ ಇಡುವುದು: ವಿಷಯ ಏನು, ಯಾರನ್ನು ಕೇಳಬೇಕು ಅನ್ನುವಷ್ಟು. ಇರುವುದನ್ನೇ ಹೇಳಬಾರದಂಥ ಒಂದೆರಡು ಚಾನೆಲ್ ಬಿಟ್ಟರೆ ಉಳಿದವಕ್ಕೆ ಇದರಿಂದ ತೊಂದರೆಯಿಲ್ಲ. ಅಂಥ ಪುಟ ಇದ್ದಿದ್ದರೆ ಆ ರಾತ್ರಿ ನಾನು ಯಾರಿಗೆ ಫೋನ್ ಮಾಡಬೇಕು ಅಂತ ಗೊತ್ತಾಗುತ್ತಿತ್ತು. ಎರಡು, ಚಾನೆಲ್ ತೆರೆಯುವಾಗಲೇ ಮುಗಿಯುವ ದಿನ ಬರೆಯುವುದು. ದೋಷ ಸರಿಯಾದ ಮೇಲೆ ಏನಾಯಿತು, ಹೇಗೆ ಸರಿ ಮಾಡಿದೆವು ಅನ್ನುವುದು ತೆರೆದ ಚಾನೆಲ್‌ಗೆ ಬರಬೇಕು.

ನಿಮ್ಮ ಟೀಮ್‌ಗೆ ಯಾವುದು?

ಐದಾರು ಜನರ ಸ್ಟಾರ್ಟಪ್ ಆದರೆ ಎಲ್ಲವನ್ನೂ ತೆರೆದಿಡಿ. ಸಂಬಳ, ಹೂಡಿಕೆಯ ಮಾತಿಗೆ ಒಂದು ಪ್ರೈವೇಟ್ ಸಾಕು. ಸ್ಲ್ಯಾಕ್‌ನ ಉಚಿತ ಪ್ಲಾನ್ ಬಳಸುತ್ತಿದ್ದರೆ ಒಂದು ಎಚ್ಚರ: 90 ದಿನಕ್ಕಿಂತ ಹಳೆಯದು ಕಾಣುವುದಿಲ್ಲ, ಒಂದು ವರ್ಷ ದಾಟಿದ್ದು ಅಳಿಸಿಹೋಗುತ್ತದೆ. ಬೀಗ ಇಲ್ಲದಿದ್ದರೂ ಮಾತು ಉಳಿಯುವುದಿಲ್ಲ, ನಿರ್ಧಾರಗಳನ್ನು ಡಾಕ್ಯುಮೆಂಟ್‌ನಲ್ಲಿ ಬರೆದಿಡಿ. ಗಿಟ್‌ಲ್ಯಾಬ್‌ನವರು ತಾವಾಗಿಯೇ ಸ್ಲ್ಯಾಕ್ ಸಂದೇಶಗಳಿಗೆ 90 ದಿನದ ಮಿತಿ ಹಾಕಿಕೊಂಡಿರುವುದೂ ಮುಖ್ಯವಾದದ್ದು ಹ್ಯಾಂಡ್‌ಬುಕ್‌ಗೆ ಹೋಗಲಿ ಅಂತಲೇ.

ಕ್ಲೈಂಟ್‌ಗಳ ಕೆಲಸ ಮಾಡುವ ಸರ್ವಿಸಸ್ ಕಂಪನಿಗಳಲ್ಲಿ ಒಪ್ಪಂದವೇ ಬೀಗ ಹಾಕಿಸುತ್ತದೆ. ಒಂದು ಕ್ಲೈಂಟ್‌ನ ವಿಷಯ ಇನ್ನೊಂದು ಅಕೌಂಟ್‌ನವರಿಗೆ ಕಾಣಬಾರದು, ಸರಿ. ಆದರೆ ಸ್ಪ್ರಿಂಗ್ ಬೂಟ್‌ನಂಥ ಎಲ್ಲರಿಗೂ ಸಿಗುವ ಟೂಲ್‌ನ ಅಪ್‌ಗ್ರೇಡ್‌ನಲ್ಲಿ ಬಂದ ಎರರ್ ಯಾವ ಕ್ಲೈಂಟ್‌ನ ಗುಟ್ಟೂ ಅಲ್ಲ. ಪ್ರಾಜೆಕ್ಟ್ ಚಾನೆಲ್ ಮುಚ್ಚಿರಲಿ, ತಂತ್ರಜ್ಞಾನದ ಚಾನೆಲ್‌ಗಳು ಇಡೀ ಕಂಪನಿಗೆ ತೆರೆದಿರಲಿ: ಜಾವಾಗೆ ಒಂದು, ಕುಬರ್ನೆಟೀಸ್‌ಗೆ ಒಂದು. ಇಂಥ ಕಂಪನಿಗಳಲ್ಲಿ ಒಂದೇ ಸಮಸ್ಯೆಯನ್ನು ಹತ್ತು ಅಕೌಂಟ್‌ಗಳಲ್ಲಿ ಹತ್ತು ಜನ ಬೇರೆ ಬೇರೆ ಬಿಡಿಸುತ್ತಿರುತ್ತಾರೆ. ತೆರೆದಿಡುವುದರಿಂದ ಅತಿ ಹೆಚ್ಚು ಲಾಭ ಆಗುವುದು ಇಲ್ಲೇ ಅನ್ನುವುದು ನನ್ನ ಅನುಭವ.

ಪ್ರಾಡಕ್ಟ್ ಕಂಪನಿಯ ನಡುಗಾತ್ರದ ಟೀಮ್‌ಗೆ ನಾನು ಹೇಳುವುದು: ಟೀಮ್‌ನ ದಿನನಿತ್ಯದ ಮಾತಿಗೆ ತೆರೆದ ಚಾನೆಲ್, ಬೇರೆ ಟೀಮಿನವರು ಬಂದು ಕೇಳಲು ಇನ್ನೊಂದು ತೆರೆದ ಚಾನೆಲ್. ಮೊದಲನೆಯದರಲ್ಲಿ ಹುಟ್ಟುಹಬ್ಬ, ಊಟದ ಮಾತು ಎಲ್ಲ ಇರಲಿ; ಎರಡನೆಯದರಲ್ಲಿ ಪ್ರಶ್ನೆ ಮತ್ತು ಉತ್ತರ ಮಾತ್ರ. 'ನಮ್ಮ ಟೀಮ್‌ಗೆ ಮನಸ್ಸು ಬಿಚ್ಚಿ ಮಾತಾಡೋಕೆ ಒಂದು ಜಾಗ ಬೇಕು' ಅಂತ ಯಾರಾದರೂ ಅಂದರೆ ಅದು ಸರಿಯಾದ ಬೇಡಿಕೆ, ಕೊಡಿ. ಆದರೆ ಡಿಪ್ಲಾಯ್‌ಮೆಂಟ್ ನಿರ್ಧಾರ ಅಲ್ಲಿ ನುಸುಳಿದ ದಿನ ಯಾರಾದರೊಬ್ಬರು 'ಇದು ಆ ಕಡೆ ಹೋಗಲಿ' ಅನ್ನಬೇಕು.

ಯಾವುದು ಅಂತ ಗೊತ್ತಾಗದೆ ಕೈ ತಡೆದಾಗ ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ಕಂಪನಿಯ ಬೇರೆಯವರು ಓದಿದರೆ ಯಾರಿಗೆ ನೋವಾಗುತ್ತದೆ, ಅವರ ಹೆಸರು ಹೇಳಬಲ್ಲೆನೇ? ಆರು ತಿಂಗಳ ನಂತರ ಇದು ಸಿಗದಿದ್ದರೆ ಯಾರ ನಿದ್ದೆ ಕೆಡುತ್ತದೆ? ಮೊದಲನೆಯದಕ್ಕೆ ಒಂದು ಹೆಸರು ಅಥವಾ ಒಂದು ಕಾನೂನು ಸಿಕ್ಕರೆ ಬೀಗ. ಸಿಗದಿದ್ದರೆ ತೆರೆದದ್ದು.

ಹಳೆಯ ಬೀಗ ತೆಗೆಯುವಾಗ

ಇದನ್ನು ಓದಿ ನಾಳೆಯೇ ಪ್ರೈವೇಟ್ ಚಾನೆಲ್‌ಗಳನ್ನೆಲ್ಲ ಪಬ್ಲಿಕ್ ಮಾಡಿಬಿಡಬೇಡಿ. ಸ್ಲ್ಯಾಕ್‌ನಲ್ಲಿ ಹಾಗೆ ಬದಲಿಸಿದರೆ ಹಳೆಯ ಮಾತೆಲ್ಲ ಎಲ್ಲರಿಗೂ ಕಾಣುತ್ತದೆ. ಬೀಗ ಇದೆ ಅಂತ ನಂಬಿ ಯಾರೋ ಒಂದು ದಿನ ಮ್ಯಾನೇಜರ್ ಬಗ್ಗೆ ಬರೆದಿರುತ್ತಾರೆ, ಮನೆಯ ಕಷ್ಟ ಹೇಳಿಕೊಂಡಿರುತ್ತಾರೆ. ಕೆಲಸ ಬಿಟ್ಟುಹೋದವರ ಒಪ್ಪಿಗೆ ಕೇಳುವುದಕ್ಕೂ ಆಗುವುದಿಲ್ಲ. ಟೀಮ್ಸ್‌ನಲ್ಲಂತೂ ಪ್ರೈವೇಟ್ ಚಾನೆಲ್ಲನ್ನು ಸ್ಟ್ಯಾಂಡರ್ಡ್ ಆಗಿ ಬದಲಿಸುವ ದಾರಿಯೇ ಇಲ್ಲ.

ಆ ಐದು ಜನರ ಚಾನೆಲ್ ವಿಷಯದಲ್ಲಿ ನಾವು ಮಾಡಿದ್ದು ಹೀಗೆ. ಬ್ಯಾಂಕ್ ಇಂಟಿಗ್ರೇಷನ್‌ಗೆ ಹೊಸದೊಂದು ತೆರೆದ ಚಾನೆಲ್ ಶುರು ಮಾಡಿದೆವು. ಉಳಿದಿದ್ದ ಮೂವರು ಒಂದು ಮಧ್ಯಾಹ್ನ ಕೂತು ಹಳೆಯದನ್ನು ಓದಿ, ಉಪಯೋಗಕ್ಕೆ ಬರುವಂಥ ಹನ್ನೊಂದು ವಿಷಯಗಳನ್ನು ಹೊಸದಾಗಿ ಬರೆದು ಅಲ್ಲಿ ಹಾಕಿದರು. ಹಳೆಯ ಚಾನೆಲ್‌ನ ಕೊನೆಯ ಸಂದೇಶವಾಗಿ ಹೊಸದರ ಲಿಂಕ್ ಹಾಕಿ ಆರ್ಕೈವ್ ಮಾಡಿದೆವು. ಸರ್ಟಿಫಿಕೇಟ್‌ನ ಆ ನಾಲ್ಕು ಸಾಲು ಈಗ ಹೊಸ ಚಾನೆಲ್‌ನಲ್ಲಿ ಪಿನ್ ಆಗಿದೆ. ಅದರ ಮೇಲೆ ಎರರ್‌ನ ಸಾಲನ್ನು ಒಂದಕ್ಷರ ಬದಲಿಸದೆ, ಸ್ಕ್ರೀನ್‌ಶಾಟ್ ಅಲ್ಲದೆ ಅಕ್ಷರದಲ್ಲೇ ಹಾಕಿದ್ದೇವೆ. ರಾತ್ರಿ ಎದ್ದು ಕೂತವರು ಸರ್ಚ್‌ಗೆ ಮೊದಲು ಕೊಡುವುದು ಅದನ್ನೇ.